ಎಕ್ಸ್‌ಟೆಂಡೆಡ್ ವಾರಂಟಿಗೆ ದುಡ್ಡು ಕಟ್ಟುವ ಮುಂಚೆ, ಅದನ್ನು ಕೊಡುವವರು ಯಾರು ಅಂತ ಕೇಳಿ

ಕಾರಿನ ಎಕ್ಸ್‌ಟೆಂಡೆಡ್ ವಾರಂಟಿಯಲ್ಲಿ ಎರಡು ಥರ ಇದೆ. ಒಂದು, ಕಾರು ತಯಾರಿಸಿದ ಕಂಪನಿಯೇ ಕೊಡುವಂಥದ್ದು. ಇನ್ನೊಂದು, ಶೋರೂಮಿನವರು ಬೇರೆ ಯಾವುದೋ ಏಜೆನ್ಸಿ ಜೊತೆ ಸೇರಿಕೊಂಡು ಮಾರುವಂಥದ್ದು. ಬಿಲ್ಲಿನಲ್ಲಿ ಎರಡಕ್ಕೂ ಒಂದೇ ಹೆಸರು. ಕಾರು ಕೆಟ್ಟು ನಿಂತಾಗಲೇ ಯಾವುದು ಯಾವುದು ಅಂತ ಗೊತ್ತಾಗುವುದು. ವಾರಂಟಿ ಇದ್ದೂ ನಾವು ಗೇರ್‌ಬಾಕ್ಸ್ ರಿಪೇರಿಗೆ 86 ಸಾವಿರ ಕೈಯಿಂದ ಹಾಕಿದೆವು. ಹೊಸ ಕಾರು ಬುಕ್ ಮಾಡುವವರು, ವಾರಂಟಿ ಮುಗಿಯುತ್ತಾ ಬಂದಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮದು ಟರ್ಬೊ ಪೆಟ್ರೋಲ್ ಕಾರು, ಡಿಸಿಟಿ (ಡ್ಯುಯಲ್ ಕ್ಲಚ್) ಆಟೊಮ್ಯಾಟಿಕ್. 2020ರ ದಸರಾ ಹೊತ್ತಿಗೆ ತಂದಿದ್ದು. ಕಂಪನಿ ವಾರಂಟಿ ಮೂರು ವರ್ಷ ಇತ್ತು. ಶೋರೂಮಿನವರು ಕೊಟ್ಟ ಕೊಟೇಶನ್‌ನಲ್ಲಿ ಇನ್ಶೂರೆನ್ಸ್, ರೋಡ್ ಟ್ಯಾಕ್ಸ್, ಆಕ್ಸೆಸರೀಸ್ ಎಲ್ಲದರ ಕೆಳಗೆ ಇನ್ನೊಂದು ಸಾಲು: ಎಕ್ಸ್‌ಟೆಂಡೆಡ್ ವಾರಂಟಿ, 2 ವರ್ಷ, 34,500 ರೂಪಾಯಿ. ನಮ್ಮ ಯಜಮಾನರು "ಇದು ಕಂಪನೀದೇ ತಾನೇ?" ಅಂತ ಕೇಳಿದರು. "ಹೌದು ಸರ್, ಇಂಡಿಯಾದಲ್ಲಿ ಯಾವ ಸರ್ವಿಸ್ ಸೆಂಟರ್‌ಗೆ ಹೋದರೂ ನಡೆಯುತ್ತೆ" ಅಂದರು. ಸರ್ಟಿಫಿಕೇಟ್ ನಮ್ಮ ಕೈಗೆ ಬಂದಿದ್ದು ಕಾರು ಮನೆಗೆ ಬಂದು ಎಷ್ಟೋ ದಿನ ಆದ ಮೇಲೆ, ಕೊರಿಯರ್‌ನಲ್ಲಿ. ಮೇಲೆ ಕಾರು ಕಂಪನಿಯ ಲೋಗೊ, ಪಕ್ಕದಲ್ಲಿ ಶೋರೂಮಿನ ಲೋಗೊ, ನಮ್ಮ ಹೆಸರು, ಚಾಸಿಸ್ ನಂಬರ್. ಕೆಳಗೆ ಚಿಕ್ಕ ಅಕ್ಷರದಲ್ಲಿ "ಪೂರ್ಣ ನಿಯಮಗಳು ಡೀಲರ್ ಬಳಿ ಲಭ್ಯ". ಅಂದರೆ ದುಡ್ಡು ಮೊದಲು, ನಿಯಮ ಆಮೇಲೆ.

2024ರ ಬೇಸಿಗೆಯಲ್ಲಿ ಧರ್ಮಸ್ಥಳದಿಂದ ವಾಪಸ್ ಬರುವಾಗ ಶಿರಾಡಿ ಘಾಟಿಯಲ್ಲಿ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡೆವು. ಗುಂಡ್ಯ ದಾಟಿ ಏರು ಶುರುವಾದ ಮೇಲೆ ಒಂದು ಮಾರು ಮುಂದೆ, ಮತ್ತೆ ನಿಲ್ಲು, ಹೀಗೇ. ಸ್ವಲ್ಪ ಹೊತ್ತಿಗೆ ಗೇರ್‌ಬಾಕ್ಸ್ ಬಿಸಿಯಾಗಿದೆ, ಗಾಡಿ ನಿಲ್ಲಿಸಿ ಅಂತ ಡಿಸ್‌ಪ್ಲೇಯಲ್ಲಿ ಬಂತು. ಪಕ್ಕಕ್ಕೆ ಹಾಕಿ, ಆರಿದ ಮೇಲೆ ಹೊರಟೆವು. ಮನೆವರೆಗೆ ಏನೂ ತೊಂದರೆ ಆಗಲಿಲ್ಲ. ಅದಾಗಿ ಕೆಲವು ದಿನಕ್ಕೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಲ್ಲಿ ರಿವರ್ಸ್ ಗೇರ್ ಬೀಳಲೇ ಇಲ್ಲ. ಟೋ ಮಾಡಿಸಿಕೊಂಡು ಹೋದೆವು.

ಡಿಸಿಟಿ ಬಗ್ಗೆ ಇಲ್ಲಿ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಕೊಳ್ಳುವಾಗ ಇದನ್ನು ಯಾರೂ ಹೇಳುವುದಿಲ್ಲ. ಇದರಲ್ಲಿ ಎರಡು ಕ್ಲಚ್ ಇರುತ್ತವೆ. 1, 3, 5ನೇ ಗೇರ್‌ಗಳಿಗೆ ಒಂದು, 2, 4, 6ಕ್ಕೆ ಇನ್ನೊಂದು. ಒಂದು ಗೇರ್ ಓಡುತ್ತಿರುವಾಗಲೇ ಮುಂದಿನದು ರೆಡಿ ಇರುತ್ತದೆ, ಅದಕ್ಕೇ ಹೈವೇಯಲ್ಲಿ ಅಷ್ಟು ಚೆನ್ನಾಗಿ ಓಡುತ್ತದೆ. ಆದರೆ ಆಮೆ ವೇಗದ ಟ್ರಾಫಿಕ್‌ನಲ್ಲಿ ಕ್ಲಚ್ ಪೂರ್ತಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಅಂಗೈ ಅಂಗೈ ಉಜ್ಜಿದಂತೆ ಜಾರುತ್ತಾ ಬಿಸಿಯಾಗುತ್ತದೆ. ವೆಟ್ ಕ್ಲಚ್ ಆದರೆ ಎಣ್ಣೆಯಲ್ಲಿ ಮುಳುಗಿರುತ್ತದೆ, ಎಣ್ಣೆ ಆ ಬಿಸಿಯನ್ನು ಎಳೆದುಕೊಳ್ಳುತ್ತದೆ. ಡ್ರೈ ಕ್ಲಚ್‌ಗೆ ಗಾಳಿಯೊಂದೇ ಗತಿ. ಸಿಲ್ಕ್ ಬೋರ್ಡ್, ಹೆಬ್ಬಾಳದ ಕಡೆ ದಿನಾ ಓಡಾಡುವವರು ಡ್ರೈ ಕ್ಲಚ್ಚಾ, ವೆಟ್ ಕ್ಲಚ್ಚಾ ಅಂತ ಕೇಳಿಯೇ ಗಾಡಿ ತೆಗೆದುಕೊಳ್ಳಿ. ಸೇಲ್ಸ್‌ನವರಿಗೆ ಗೊತ್ತಿಲ್ಲದಿದ್ದರೆ ಸರ್ವಿಸ್ ವಿಭಾಗದವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ.

ಸರ್ವಿಸ್ ಸೆಂಟರ್‌ನವರು ಸ್ಕ್ಯಾನರ್ ಹಾಕಿ ನೋಡಿದರು. ಮೆಕಾಟ್ರಾನಿಕ್ ಯೂನಿಟ್ ಪೂರ್ತಿ ಬದಲಿಸಬೇಕು, ಕ್ಲಚ್ ಪ್ಯಾಕ್ ಬದಲಿಸಬೇಕು ಅಂದರು. ಮೆಕಾಟ್ರಾನಿಕ್ ಅಂದರೆ ಗೇರ್ ಬದಲಿಸುವ ಹೈಡ್ರಾಲಿಕ್ ವಾಲ್ವ್‌ಗಳೂ ಅವನ್ನು ನಡೆಸುವ ಕಂಪ್ಯೂಟರೂ ಒಂದೇ ಪೆಟ್ಟಿಗೆಯಲ್ಲಿ ಇರುವ ಭಾಗ. ಎಸ್ಟಿಮೇಟ್ 2,14,000. ಆಗ ಬಿಡಿಭಾಗಗಳಿಗೆ ಜಿಎಸ್‌ಟಿಯೇ 28 ಪರ್ಸೆಂಟ್ ಇತ್ತು (2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ).

ವಾರಂಟಿ ಇದೆಯಲ್ಲ ಅಂತ ನಾವು ಧೈರ್ಯವಾಗಿದ್ದೆವು. ಸರ್ವಿಸ್ ಸೆಂಟರ್‌ನ ಅಡ್ವೈಸರ್ ನಮ್ಮ ಸರ್ಟಿಫಿಕೇಟ್ ನೋಡಿ, "ಮೇಡಂ, ಇದು ಕಂಪನಿ ವಾರಂಟಿ ಅಲ್ಲ. ನಮ್ಮ ಸಿಸ್ಟಮ್‌ನಲ್ಲಿ ಬರಲ್ಲ. ಏಜೆನ್ಸಿಗೆ ಮೇಲ್ ಹಾಕ್ತೀವಿ" ಅಂದರು. ಕಾರು ಮಾರಿದ್ದೂ ಅದೇ ಶೋರೂಮ್, ವಾರಂಟಿ ಮಾರಿದ್ದೂ ಅದೇ ಶೋರೂಮ್. ಪೂರ್ತಿ ನಿಯಮಗಳನ್ನು ನಾನು ಮೊದಲ ಸಲ ಓದಿದ್ದು ಆ ದಿನ, ಅವರು ಪ್ರಿಂಟ್ ತೆಗೆದುಕೊಟ್ಟಾಗ. ಅದರಲ್ಲಿ ಇದ್ದಿದ್ದು ಇದು: ಒಂದು ವರ್ಷಕ್ಕೆ ಒಟ್ಟು ಕ್ಲೇಮ್ 75 ಸಾವಿರ ದಾಟುವಂತಿಲ್ಲ. ಕ್ಲಚ್ ಸವೆಯುವ ಭಾಗ, ಅದಕ್ಕೆ ವಾರಂಟಿ ಇಲ್ಲ. ಯಾವುದೇ ಸರ್ವಿಸ್ 30 ದಿನಕ್ಕಿಂತ ಜಾಸ್ತಿ ತಡವಾಗಿದ್ದರೆ ಇಡೀ ವಾರಂಟಿ ರದ್ದು.

ನಮ್ಮ ಕ್ಲೇಮ್ ತಳ್ಳಿಹಾಕಿದ್ದು ಆ ಕೊನೆಯ ಕಾರಣಕ್ಕೆ. ಒಂದು ಸರ್ವಿಸ್ ತಡವಾಗಿತ್ತು ನಿಜ. ಆದರೆ ನಾವು ಸಮಯಕ್ಕೇ ಫೋನ್ ಮಾಡಿದ್ದೆವು. ಸ್ಲಾಟ್ ಖಾಲಿ ಇಲ್ಲ, ಮುಂದಿನ ತಿಂಗಳು ಕೊಡ್ತೀವಿ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರೆದವರು ಇದೇ ಸರ್ವಿಸ್ ಸೆಂಟರ್‌ನವರು! ಆ ಮೆಸೇಜ್ ನನ್ನ ಫೋನಿನಲ್ಲಿ ಉಳಿದಿತ್ತು. ಅದನ್ನು ಕಳಿಸಿದ ಮೇಲೆ ಏಜೆನ್ಸಿಯವರು ಆ ಕಾರಣ ಬಿಟ್ಟು, ಕ್ಲಚ್ ಸವೆತ ಅನ್ನುವುದನ್ನು ಹಿಡಿದುಕೊಂಡರು. ನನಗೆ ಜಾಸ್ತಿ ಸಿಟ್ಟು ಬಂದಿದ್ದು ಇಲ್ಲಿಯೇ. ಮ್ಯಾನುಯಲ್ ಗಾಡಿಯಲ್ಲಿ ಡ್ರೈವರ್ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸಿದ ಅಂತ ಹೇಳಬಹುದು. ಡಿಸಿಟಿಯಲ್ಲಿ ಕ್ಲಚ್ ಪೆಡಲೇ ಇಲ್ಲ. ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಅಂತ ನಿರ್ಧರಿಸುವುದು ಕಂಪ್ಯೂಟರ್. ಅದು ಬೇಗ ಸುಟ್ಟರೆ ಓಡಿಸುವವರ ಸವೆತ ಅಂತ ಹೇಗೆ ಬರೆಯುತ್ತಾರೆ?

ತಿರಸ್ಕರಿಸಿದ್ದನ್ನು ಮೇಲ್‌ನಲ್ಲಿ ಬರೆಸಿಕೊಂಡ ಮೇಲೆಯೇ ಗಾಡಿ ಹೊರಗೆ ತಂದೆವು. ಈ ಕ್ರಮ ಮುಖ್ಯ. ಮೊದಲೇ ಹೊರಗೆ ಬಿಚ್ಚಿಸಿದ್ದರೆ ಅದನ್ನೇ ಕಾರಣ ಮಾಡುತ್ತಿದ್ದರು. ಜೆ.ಸಿ. ರೋಡಿನಲ್ಲಿ ಬಿಡಿಭಾಗದ ಅಂಗಡಿ ಇಟ್ಟಿರುವ ಪರಿಚಯದವರೊಬ್ಬರು ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮಾತ್ರ ಮಾಡುವ ಗ್ಯಾರೇಜ್ ತೋರಿಸಿದರು. ಬಿಚ್ಚುವಾಗ ನಾನೂ ಅಲ್ಲೇ ನಿಂತಿದ್ದೆ. ಕ್ಲಚ್ ಪ್ಯಾಕ್ ಹೊರಗೆ ಬಂದಾಗ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಉಕ್ಕಿನ ಪ್ಲೇಟ್ ಮೇಲೆ ನೀಲಿ ಕಲೆಗಳು, ಒಂದು ಕಡೆ ಲೈನಿಂಗ್ ಪುಡಿಪುಡಿ. ಮೆಕ್ಯಾನಿಕ್ ಅಣ್ಣ ಬೆರಳಿನಿಂದ ಒರೆಸಿ ತೋರಿಸಿ, "ನೋಡಿ ಮೇಡಂ, ಒಂದು ಕ್ಲಚ್ ಮಾತ್ರ ಹೋಗಿದೆ, 1, 3, 5ರದ್ದು ಚೆನ್ನಾಗಿದೆ. ಮೆಕಾಟ್ರಾನಿಕ್‌ಗೆ ಏನೂ ಆಗಿಲ್ಲ, ಟೆಸ್ಟ್ ಮಾಡಿದೀನಿ" ಅಂದರು. ಎರಡೂ ಕ್ಲಚ್ ಸೆಟ್ ಆಗಿಯೇ ಸಿಗುವುದರಿಂದ ಪೂರ್ತಿ ಪ್ಯಾಕ್ ಹಾಕಿ, ಎಣ್ಣೆ ಬದಲಿಸಿ, ಸ್ಕ್ಯಾನರ್‌ನಲ್ಲಿ ಹೊಸ ಕ್ಲಚ್‌ಗೆ ಹೊಂದಿಸಿ, ಬಿಲ್ ಸಮೇತ 86 ಸಾವಿರ. ಗಾಡಿ ಅವತ್ತಿನಿಂದ ಸರಿಯಾಗಿ ಓಡುತ್ತಿದೆ. ಅಂದರೆ 2,14,000ದ ಎಸ್ಟಿಮೇಟ್‌ನಲ್ಲಿ ದೊಡ್ಡ ಪಾಲು ಕೆಡದೇ ಇದ್ದ ಭಾಗದ್ದು. ಕ್ಲೇಮ್ ಪಾಸಾಗಲಿ, ಬಿಡಲಿ, ದೊಡ್ಡ ಎಸ್ಟಿಮೇಟ್ ಬಂದರೆ ಇನ್ನೊಬ್ಬರಿಗೆ ತೋರಿಸದೆ ಒಪ್ಪಿಗೆ ಕೊಡಬೇಡಿ. ಹಳೆಯ ಭಾಗವನ್ನು ವಾಪಸ್ ಇಸ್ಕೊಳ್ಳಿ. ನಮ್ಮ ಹಳೇ ಕ್ಲಚ್ ಇನ್ನೂ ಮನೆಯಲ್ಲಿದೆ, ಸಾಕ್ಷಿಗೆ.

ಹೊರಗಿನ ಗ್ಯಾರೇಜ್‌ಗೆ ಹೋದರೆ ವಾರಂಟಿ ಹೋಗುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಬಿಡಿಭಾಗಗಳ ವಿಷಯದಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಅನ್ನುವ ಷರತ್ತು ಹಾಕಬಾರದು ಅಂತಲೂ ಹೇಳಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. ಹಾಗಾಗಿ ಇದನ್ನೇ ನಂಬಿಕೊಂಡು ವಾರಂಟಿ ಅವಧಿಯಲ್ಲಿ ಗಾಡಿ ಹೊರಗೆ ಬಿಚ್ಚಿಸಿ ಅಂತ ನಾನು ಹೇಳುವುದಿಲ್ಲ. ಆದರೆ ಅಡ್ವೈಸರ್ ಹೆದರಿಸಿದಾಗ ಇದು ನೆನಪಿರಲಿ.

ದುಡ್ಡಿಗೆ ಏನು ಮಾಡಿದೆವು ಅಂತ ಹೇಳುತ್ತೇನೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆವು. ಅದು ಕೋರ್ಟ್ ಅಲ್ಲ, ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುತ್ತಾರೆ ಅಷ್ಟೇ. ಆದರೂ ಅಲ್ಲಿಯವರೆಗೆ ಫೋನ್ ಎತ್ತದ ಶೋರೂಮ್ ಮ್ಯಾನೇಜರ್ ತಾವಾಗಿಯೇ ಫೋನ್ ಮಾಡಿದರು. ಕಂಪನಿ ವಾರಂಟಿ ಅಂತ ಹೇಳಿ ಏಜೆನ್ಸಿಯದನ್ನು ಮಾರಿದ್ದಕ್ಕೆ ಕೊನೆಗೆ 34,500 ವಾಪಸ್ ಕೊಟ್ಟರು. ರಿಪೇರಿ ಖರ್ಚಿನ ಒಂದು ಪೈಸೆಯೂ ಬರಲಿಲ್ಲ. ಅದಕ್ಕೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿದ್ದೇವೆ, ಕೇಸ್ ನಡೆಯುತ್ತಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು. ವಕೀಲರು ಇರಲೇಬೇಕು ಅಂತಿಲ್ಲ. ಆದರೆ ತೊಂದರೆ ಆದಾಗಿನಿಂದ 2 ವರ್ಷದೊಳಗೆ ಹಾಕಬೇಕು. "ಮೇಲಿನವರಿಗೆ ಕಳಿಸಿದೀವಿ, ಸ್ವಲ್ಪ ಕಾಯಿರಿ" ಅಂತ ತಿಂಗಳುಗಟ್ಟಲೆ ಎಳೆಯುವವರಿಗೆ ಈ ಗಡುವು ಚೆನ್ನಾಗಿ ಗೊತ್ತಿರುತ್ತದೆ.

ಹಾಗಾದರೆ ಎಕ್ಸ್‌ಟೆಂಡೆಡ್ ವಾರಂಟಿ ಬೇಡವೇ ಬೇಡವಾ? ಹಾಗೆ ಹೇಳುವುದಿಲ್ಲ. ನನ್ನ ತಮ್ಮನದು ಟರ್ಬೊ ಇಲ್ಲದ ಮ್ಯಾನುಯಲ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಇಷ್ಟು ವರ್ಷದಲ್ಲಿ ಅವನು ಬದಲಿಸಿದ್ದು ಬ್ಯಾಟರಿ, ಬ್ರೇಕ್ ಪ್ಯಾಡ್, ಸಸ್ಪೆನ್ಶನ್ ಬುಷ್, ಒಂದು ಕ್ಲಚ್ ಪ್ಲೇಟ್. ಇವು ಯಾವುವೂ ಸಾಮಾನ್ಯವಾಗಿ ಎಕ್ಸ್‌ಟೆಂಡೆಡ್ ವಾರಂಟಿಯಲ್ಲಿ ಬರುವುದಿಲ್ಲ. ಅಂಥ ಗಾಡಿಗೆ ಕಟ್ಟುವ ದುಡ್ಡನ್ನು ಬ್ಯಾಂಕಿನಲ್ಲೇ ಇಡಿ. ಮೊದಲೇ ಉದ್ದದ ವಾರಂಟಿ ಇದ್ದರಂತೂ ಇನ್ನೂ ಯೋಚಿಸಿ. ಮಾರುತಿ 2024ರ ಜುಲೈನಲ್ಲಿ ಸಾಮಾನ್ಯ ವಾರಂಟಿಯನ್ನೇ 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿತು. ಟೊಯೊಟಾ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಕೊಡುತ್ತದೆ. ಡಿಸಿಟಿ, ಟರ್ಬೊ, ಬಿಎಸ್6 ಡೀಸೆಲ್, ದೊಡ್ಡ ಟಚ್ ಸ್ಕ್ರೀನ್, ಸನ್‌ರೂಫ್ ಇರುವ ಗಾಡಿ ಬೇರೆ. ಅಲ್ಲಿ ಒಂದು ಭಾಗ ಹೋದರೂ ಲಕ್ಷದ ಮಾತು. ಐದಾರು ವರ್ಷ ಇಟ್ಟುಕೊಳ್ಳುವವರು ಅದಕ್ಕೆ ವಾರಂಟಿ ತೆಗೆದುಕೊಳ್ಳಲೇಬೇಕು ಅಂತ ನನ್ನ ಅಭಿಪ್ರಾಯ, ಆದರೆ ಕಂಪನಿಯದು ಮಾತ್ರ. ನೀರು ನುಗ್ಗಿ ಎಂಜಿನ್ ಹೋದರೆ ಅದು ಯಾವ ವಾರಂಟಿಯಲ್ಲೂ ಬರುವುದಿಲ್ಲ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು ಕಡೆ ಎಷ್ಟು ಕಾರು ಮುಳುಗಿದವು ನೆನಪಿದೆಯಲ್ವಾ? ಅದಕ್ಕೆ ಇನ್ಶೂರೆನ್ಸ್‌ನಲ್ಲಿ ಎಂಜಿನ್ ಪ್ರೊಟೆಕ್ಷನ್ ಬೇಕು.

ಶೋರೂಮಿನಲ್ಲಿ ಈವತ್ತೇ ತೆಗೆದುಕೊಳ್ಳಬೇಕು ಅಂತ ಒತ್ತಾಯ ಮಾಡಿದರೆ ಒಪ್ಪಬೇಡಿ. ಮೊದಲ ವಾರಂಟಿ ಮುಗಿಯುವ ಮುಂಚೆ ತೆಗೆದುಕೊಂಡರೂ ಸಾಮಾನ್ಯವಾಗಿ ಆಗುತ್ತದೆ, ಸ್ವಲ್ಪ ಬೆಲೆ ಜಾಸ್ತಿ ಇರಬಹುದು. ಲೋನ್‌ಗೆ ಸೇರಿಸಿದರೆ ಅದಕ್ಕೂ ಬಡ್ಡಿ ಬೀಳುತ್ತದೆ. ಪೂರ್ತಿ ನಿಯಮಗಳ ಪಿಡಿಎಫ್ ಮೇಲ್‌ಗೆ ಬರಲಿ, ಅದರಲ್ಲಿ ನೋಡಬೇಕಾದ್ದು ವಾರಂಟಿ ಕೊಡುವವರ ಹೆಸರು, ಕ್ಲೇಮ್‌ನ ಮಿತಿ, ಸೇರದ ಭಾಗಗಳ ಪಟ್ಟಿ. ಗಾಡಿ ಮಾರಿದರೆ ಹೊಸ ಮಾಲೀಕರ ಹೆಸರಿಗೆ ಆಗುತ್ತದಾ ಅಂತಲೂ ನೋಡಿ. ಕಂಪನಿಯ ಕಸ್ಟಮರ್ ಕೇರ್‌ಗೆ ಚಾಸಿಸ್ ನಂಬರ್ ಕೊಟ್ಟು, ಈ ಗಾಡಿಗೆ ವಾರಂಟಿ ಎಂದಿನವರೆಗೆ ಇದೆ ಅಂತ ಕೇಳಿದರೆ ಹೇಳುತ್ತಾರೆ. ಈಗಾಗಲೇ ದುಡ್ಡು ಕಟ್ಟಿರುವವರು ಈ ಒಂದು ಫೋನ್ ಈವತ್ತೇ ಮಾಡಿ.

ವಾರಂಟಿ ಮುಗಿಯಲು ಎರಡು ಮೂರು ತಿಂಗಳು ಇರುವಾಗ ಹೊರಗಡೆ ಒಮ್ಮೆ ಸ್ಕ್ಯಾನ್ ಮಾಡಿಸಿ, ರಿಪೋರ್ಟ್ ಹಿಡಿದುಕೊಂಡು ಸರ್ವಿಸ್ ಸೆಂಟರ್‌ಗೆ ಹೋಗಿ. ಗೇರ್ ಎಳೆಯುವುದು, ಸಣ್ಣ ಶಬ್ದ, ಏಸಿ ಕಡಿಮೆ ಆಗಿರುವುದು, ಏನಿದ್ದರೂ ಜಾಬ್ ಕಾರ್ಡ್‌ನಲ್ಲಿ (ಗಾಡಿ ಬಿಡುವಾಗ ಅವರು ಬರೆದುಕೊಳ್ಳುವ ಚೀಟಿ) ನಿಮ್ಮ ಮಾತಿನಲ್ಲೇ ಬರೆಸಿ. "ಕಸ್ಟಮರ್ ಹೇಳಿಕೆ" ಅನ್ನುವ ಜಾಗ ಅದಕ್ಕೇ ಇರುವುದು. ಅವರು "ನಾರ್ಮಲ್ ಇದೆ" ಅಂದರೆ ಅದನ್ನೂ ಬರೆಸಿ, ಸೀಲ್ ಹಾಕಿಸಿಕೊಂಡು ಕಾಪಿ ತನ್ನಿ. ಅದೇ ತೊಂದರೆ ಮುಂದೆ ದೊಡ್ಡದಾದರೆ, ವಾರಂಟಿ ಇರುವಾಗಲೇ ಹೇಳಿದ್ದೆವು ಅನ್ನುವುದಕ್ಕೆ ನಿಮ್ಮ ಕೈಯಲ್ಲಿ ದಾಖಲೆ ಇರುತ್ತದೆ.