ಕಾಕ್ರೇನ್ ಆತ್ಮಕಥೆಯ ಮರುಮುದ್ರಣ: ಓದಲು ಸೊಗಸು, ಕೊಳ್ಳುವಾಗ ಎಚ್ಚರ

ಡಂಡೊನಾಲ್ಡ್‌ನ ಹತ್ತನೆಯ ಅರ್ಲ್ (ಬ್ರಿಟಿಷ್ ಕುಲೀನರ ಒಂದು ಪದವಿ) ಥಾಮಸ್ ಕಾಕ್ರೇನ್‌ನ ‘ದಿ ಆಟೋಬಯಾಗ್ರಫಿ ಆಫ್ ಎ ಸೀಮನ್’ ಎರಡು ಸಂಪುಟಗಳ ಆತ್ಮಕಥೆ. ಅದು ಅಚ್ಚಾದ 1860ರಲ್ಲೇ, ಅಕ್ಟೋಬರ್ 31ರಂದು ಆತ ತೀರಿಕೊಂಡ. ಹೆಸರಿದ್ದು ಹಣವಿಲ್ಲದ ಸ್ಕಾಟಿಷ್ ಕುಲೀನ ಮನೆತನದಲ್ಲಿ ಹುಟ್ಟಿ, ಬ್ರಿಟಿಷ್ ನೌಕಾಪಡೆಯಲ್ಲಿ ಹೆಸರು ಮಾಡಿ, ಸಂಸತ್ತಿನಲ್ಲಿ ಸರ್ಕಾರಕ್ಕೆ ಮಗ್ಗುಲ ಮುಳ್ಳಾಗಿ, ಕೊನೆಗೆ ಸೆರೆಮನೆಯನ್ನೂ ಕಂಡ ಈ ಮನುಷ್ಯನ ಬರಹವನ್ನು ನಾನು ಓದಿದ್ದು ಪ್ರಿಂಟ್ ಆನ್ ಡಿಮಾಂಡ್ ಪ್ರತಿಯಲ್ಲಿ, ಎಂದರೆ ಹಳೆಯ ಪುಸ್ತಕವನ್ನು ಸ್ಕ್ಯಾನ್ ಮಾಡಿ ಬೇಡಿಕೆ ಬಂದಾಗಷ್ಟೇ ಅಚ್ಚು ಹಾಕುವ ಪ್ರತಿಯಲ್ಲಿ. ಆದ್ದರಿಂದ ಪುಸ್ತಕದ ಬಗೆಗೂ ಪ್ರತಿಯ ಬಗೆಗೂ ಬೇರೆ ಬೇರೆಯಾಗಿಯೇ ಹೇಳಬೇಕು.

ಮೊದಲ ಸಂಪುಟದಲ್ಲಿ ಸಮುದ್ರದ ಅಧ್ಯಾಯಗಳಿಗೆ ಸಾಟಿಯಿಲ್ಲ. ಆತ ನಾಯಕನಾಗಿ ನಡೆಸಿದ ಮೊದಲ ಹಡಗು ‘ಸ್ಪೀಡಿ’ ಎಷ್ಟು ಚಿಕ್ಕದೆಂದರೆ, ಕ್ಷೌರ ಮಾಡಿಕೊಳ್ಳಬೇಕಾದರೆ ಕ್ಯಾಬಿನ್ನಿನ ಮೇಲಿನ ಕಿಂಡಿಯಿಂದ ತಲೆ ಹೊರಹಾಕಿ ಡೆಕ್ಕಿನ ಮೇಲೆ ಸಾಮಾನು ಹರಡಿಕೊಳ್ಳಬೇಕಾಗಿತ್ತು. ಅದರ ಒಂದು ಬದಿಯ ಫಿರಂಗಿಗಳೆಲ್ಲ ಒಮ್ಮೆಗೆ ಹಾರಿಸುವ ಗುಂಡುಗಳನ್ನು ಕೋಟಿನ ಜೇಬಿನಲ್ಲಿ ತುಂಬಿಕೊಂಡು ತಾನು ಓಡಾಡಿದ್ದುಂಟು ಎಂದು ಆತ ನಗೆಯಾಡುತ್ತಾನೆ. ಅಂಥ ಹಡಗಿನಲ್ಲಿ 54 ಜನರನ್ನು ಕಟ್ಟಿಕೊಂಡು, 1801ರ ಮೇ 6ರಂದು, 32 ಫಿರಂಗಿಗಳೂ 319 ಜನರೂ ಇದ್ದ ಸ್ಪೇನಿನ ‘ಗಾಮೊ’ವನ್ನು ಹಿಡಿದ ಬಗೆಯನ್ನು ಆತ ಯಾವ ಆಡಂಬರವೂ ಇಲ್ಲದೆ ವಿವರಿಸುತ್ತಾನೆ: ಶತ್ರುವಿನ ಮಗ್ಗುಲಿಗೆ ತೀರ ಹತ್ತಿರ ನುಗ್ಗಿದ್ದರಿಂದ ಎತ್ತರದ ಹಡಗಿನ ಗುಂಡುಗಳು ಇವರ ತಲೆಯ ಮೇಲೇ ಹಾದುಹೋದವು.

ರಾಜಕೀಯದ ಪುಟಗಳಲ್ಲಿ ನನಗೆ ಹಿಡಿಸಿದ್ದು ಹೊನಿಟನ್ ಚುನಾವಣೆಯ ಪ್ರಸಂಗ. ಲಂಚ ಕೊಡದೆ ಸೋತ ಕಾಕ್ರೇನ್, ತನಗೆ ಮತ ಹಾಕಿದ್ದ ಕೆಲವರಿಗೆ ಆಮೇಲೆ ತಲಾ ಹತ್ತು ಗಿನಿ (ಚಿನ್ನದ ನಾಣ್ಯ) ಹಂಚಿದ. ಮುಂದಿನ ಬಾರಿ ಅದೇ ಆಸೆಯಿಂದ ಊರು ಆತನನ್ನು ಗೆಲ್ಲಿಸಿದಾಗ ಬಿಡಿಗಾಸೂ ಬಿಚ್ಚಲಿಲ್ಲ. ಈ ಕಥೆ ಸ್ವಲ್ಪ ಬೆಳೆದಿರಲೂಬಹುದು, ಏಕೆಂದರೆ ಮುಪ್ಪಿನಲ್ಲಿದ್ದ ಅರ್ಲ್‌ಗೆ ಬರವಣಿಗೆಯಲ್ಲಿ ನೆರವಾದ ಜಿ. ಬಿ. ಅರ್ಪ್ ಎಂಬಾತನ ಕೈವಾಡ ಇದರಲ್ಲಿ ಸಾಕಷ್ಟಿದೆ.

ಎರಡನೆಯ ಸಂಪುಟ ಆತ್ಮಕಥೆಗಿಂತ ಹೆಚ್ಚಾಗಿ ಒಂದು ಅಹವಾಲು. 1809ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಕರಾವಳಿಯ ಬಾಸ್ಕ್ ರೋಡ್ಸ್‌ನಲ್ಲಿ ಬೆಂಕಿಹಡಗುಗಳಿಗೆ (ಬೆಂಕಿ ಹಚ್ಚಿ ಶತ್ರುವಿನತ್ತ ಹರಿಯಬಿಡುವ ಹಡಗುಗಳಿಗೆ) ಬೆದರಿದ ಫ್ರೆಂಚ್ ಹಡಗುಗಳು ದಡದ ಕೆಸರಿನಲ್ಲಿ ಸಿಕ್ಕಿಕೊಂಡರೂ ಬ್ರಿಟಿಷ್ ಪಡೆಯ ಮುಖ್ಯಸ್ಥ ಅಡ್ಮಿರಲ್ ಗ್ಯಾಂಬಿಯರ್ ಸಕಾಲದಲ್ಲಿ ಮುನ್ನುಗ್ಗಲಿಲ್ಲ ಎಂಬುದು ಕಾಕ್ರೇನ್‌ನ ಆರೋಪ. ಸೈನಿಕ ನ್ಯಾಯಾಲಯ ಗ್ಯಾಂಬಿಯರನನ್ನು ನಿರ್ದೋಷಿ ಎಂದಿತು. ವಿಚಾರಣೆಯಲ್ಲಿ ಬಳಸಿದ ಸಮುದ್ರನಕ್ಷೆಗಳೇ ಸುಳ್ಳೆಂದು ಸಾಧಿಸಲು ಕಾಕ್ರೇನ್ ನಕ್ಷೆಗಳನ್ನು ಪುಸ್ತಕದಲ್ಲಿ ಅಚ್ಚು ಮಾಡಿಸಿದ. ನನ್ನ ಪ್ರತಿ ಕೈಕೊಟ್ಟಿದ್ದು ಇಲ್ಲಿಯೇ. ಮಡಿಸಿದ ಹಾಳೆಗಳನ್ನು ಬಿಚ್ಚದೆ ಸ್ಕ್ಯಾನ್ ಮಾಡಿರುವುದರಿಂದ ನಕ್ಷೆಯ ಅಂಚಷ್ಟೇ ಕಾಣುತ್ತದೆ, ಆಳದ ಅಂಕಿಗಳು ಎಲ್ಲಿಯೂ ಇಲ್ಲ. ಪುಟಗಟ್ಟಲೆ ಹರಿಯುವ ವಾದವನ್ನು ಓದುಗ ಸಾಕ್ಷ್ಯವಿಲ್ಲದೆಯೇ ನಂಬಬೇಕಾಗುತ್ತದೆ. ಕಾಗದ, ಹೊಲಿಗೆ ಎರಡೂ ಚೆನ್ನಾಗಿವೆ, ಆದರೆ ಈ ಕೊರತೆಯನ್ನು ಅವು ತುಂಬಲಾರವು.

1814ರ ಷೇರುಪೇಟೆ ವಂಚನೆಯ ಅಧ್ಯಾಯಗಳನ್ನು ಮಾತ್ರ ತಕರಾರಿನ ಮನಸ್ಸಿನಿಂದಲೇ ಓದಬೇಕು. ನೆಪೋಲಿಯನ್ ಸತ್ತನೆಂಬ ಸುಳ್ಳು ಸುದ್ದಿ ಹಬ್ಬಿಸಿದ ದೆ ಬೆರೆಂಜೆ ಅಂದು ನೇರವಾಗಿ ಕಾಕ್ರೇನ್‌ನ ಮನೆಗೆ ಬಂದಿದ್ದ. ಸುದ್ದಿಯಿಂದ ಸರ್ಕಾರಿ ಸಾಲಪತ್ರಗಳ ಬೆಲೆ ಏರಿದ ಅದೇ ದಿನ ಕಾಕ್ರೇನ್‌ನ ಸಾಲಪತ್ರಗಳು ಲಾಭಕ್ಕೆ ಮಾರಾಟವಾದವು. ಸುದ್ದಿ ಹಬ್ಬಿಸಿದವನು ತೊಟ್ಟಿದ್ದು ಕೆಂಪು ಕೋಟಾದ್ದರಿಂದ, ಮನೆಗೆ ಬಂದವನ ಕೋಟು ಹಸಿರೋ ಕೆಂಪೋ ಎಂಬುದೇ ಮೊಕದ್ದಮೆಯ ತಿರುಳಾಯಿತು. ಶಿಕ್ಷೆಯಾಗಿ ಸಂಸತ್ತಿನಿಂದ ಉಚ್ಚಾಟನೆಗೊಂಡ ಆತನನ್ನು ವೆಸ್ಟ್‌ಮಿನ್‌ಸ್ಟರ್‌ನ ಮತದಾರರು ಅದೇ ತಿಂಗಳಲ್ಲಿ ಮತ್ತೆ ಆರಿಸಿ ಕಳಿಸಿದರು. ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲದ ಈ ವಿಷಯದಲ್ಲಿ ಪುಸ್ತಕ ಆರೋಪಿಯ ಪಕ್ಷವನ್ನಷ್ಟೇ ಹೇಳುತ್ತದೆ, ಅದೂ ಬಹಳ ಜಾಣತನದಿಂದ.

ಚಿಲಿ, ಪೆರು, ಬ್ರೆಜಿಲ್‌ಗಳ ನೌಕಾಸಾಹಸಕ್ಕಾಗಿ ಇದನ್ನು ಕೊಳ್ಳುವವರು ನಿರಾಶರಾಗುತ್ತಾರೆ, ಏಕೆಂದರೆ ಅದನ್ನು ಆತ 1859ರಲ್ಲೇ ಬೇರೆ ಪುಸ್ತಕವಾಗಿ ಹೊರತಂದಿದ್ದ. ಉಳಿದವರು ಮೊದಲ ಸಂಪುಟವನ್ನು ಯಾವ ಮುದ್ರಣದಲ್ಲಾದರೂ ಧೈರ್ಯವಾಗಿ ಕೊಳ್ಳಬಹುದು. ಎರಡನೆಯದಕ್ಕೆ ಹಣ ಕೊಡುವ ಮುನ್ನ, ನಕ್ಷೆಗಳು ಪೂರ್ತಿ ಬಿಚ್ಚಿ ಅಚ್ಚಾಗಿವೆಯೇ ಎಂದು ಮಾರುವವರನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು.