ಲಿನಕ್ಸ್ ಲ್ಯಾಪ್‌ಟಾಪಿಗೆ 4ಜಿ ಡಾಂಗಲ್: ಹುವಾವೇ ಇ3372 ತಗೊಳ್ಳೋದಾ, ಡಿ-ಲಿಂಕಾ, ಇಲ್ಲಾ ಆ ಬಿಳಿ ಕಡ್ಡೀನಾ

ಮೊದ್ಲೇ ಹೇಳ್ಬಿಡ್ತೀನಿ, ಡಾಂಗಲ್ ಅಂದ್ರೆ ಸಿಮ್ ಹಾಕಿ ಯುಎಸ್‌ಬಿಗೆ ಚುಚ್ಚೋ ಇಂಟರ್‌ನೆಟ್ ಕಡ್ಡಿ, ಅದರ ಡಬ್ಬದ ಮೇಲೆ ವಿಂಡೋಸ್, ಮ್ಯಾಕ್ ಅಂತ ಎರಡೇ ಚಿತ್ರ ಹಾಕಿರ್ತಾರಲ್ಲ, ಅದನ್ನ ನೋಡಿ ವಾಪಸ್ ಇಡೋದು ಬೇಡ, ಹಾಗೇ ಲಿನಕ್ಸ್ ಅಂತ ಬರೆದಿದ್ರೂ ಕಣ್ಮುಚ್ಚಿ ತಗೊಳ್ಳೋದೂ ಬೇಡ. ಡಾಂಗಲ್ ಚುಚ್ಚಿದ ಮೇಲೆ ಕಂಪ್ಯೂಟರಿಗೆ ಅದು ಏನಾಗಿ ಕಾಣುತ್ತೆ ಅನ್ನೋದೇ ವಿಷಯ. ನೆಟ್‌ವರ್ಕ್ ಕಾರ್ಡ್ ಥರ ಕಂಡ್ರೆ ಯಾವ ತಲೆಬಿಸಿನೂ ಇಲ್ಲ, ಡೆಬಿಯನ್ನೋ ಮಿಂಟೋ ಫೆಡೋರಾನೋ, ಯಾವ ಲಿನಕ್ಸ್ ಆದ್ರೂ ನಡೆಯುತ್ತೆ. ಹಳೇ ಕಾಲದ ಮೋಡೆಮ್ ಥರ ಕಂಡ್ರೆ ನಡೆಯುತ್ತೆ, ಆದ್ರೆ ಸ್ವಲ್ಪ ಕೈ ಕೆಸರಾಗುತ್ತೆ.

ನಮ್ದು ಶಿರಸಿ ಕಡೆ. ಮನೆಗೆ ಫೈಬರ್ ಇದೆ, ಚೆನ್ನಾಗೇ ಇದೆ, ಆದ್ರೆ ಮಳೆಗಾಲದ ಗಾಳಿಗೆ ಎಲ್ಲೋ ಒಂದು ಮರ ಬಿದ್ದು ಕೇಬಲ್ ಹರೀತು ಅಂದ್ರೆ ಲೈನ್ ನೋಡೋ ಹುಡುಗ ಬರೋ ತನಕ ಕೂತ್ಕೋಬೇಕು, ಅವನಾದ್ರೂ ಏನ್ ಮಾಡ್ತಾನೆ, ಅವತ್ತು ಹತ್ತು ಕಡೆ ಹರಿದಿರುತ್ತೆ. ಕರೆಂಟೂ ಇರಲ್ಲ. ಮನೇಲಿ ಕೂತು ಕೆಲಸ ಮಾಡೋರಿಗೆ ಆ ಹೊತ್ತಿಗೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ನಡೆಯೋ ಡಾಂಗಲ್ ಒಂದು ಇರಲೇಬೇಕು. ಫೈಬರ್ ಮೋಡೆಮ್ ಬಗ್ಗೆ ಇಲ್ಲಿ ಬರೆಯಲ್ಲ, ಯಾಕಂದ್ರೆ ಅಲ್ಲಿ ಬರೆಯೋಕೆ ಏನಿಲ್ಲ, ಯೂಸರ್‌ನೇಮ್ ಪಾಸ್‌ವರ್ಡ್ ಎಲ್ಲ ಪೆಟ್ಟಿಗೆ ಒಳಗೇ ಇರುತ್ತೆ, ಲ್ಯಾನ್ ಕೇಬಲ್ ಸಿಕ್ಕಿಸಿದ್ರೆ ಈ ಕಡೆ ಯಾವ ಓಎಸ್ ಇದೆ ಅಂತ ಅದಕ್ಕೆ ಗೊತ್ತೂ ಆಗಲ್ಲ. ಏರ್‌ಫೈಬರ್ ಅಂತ ಬಂದಿದೆಯಲ್ಲ, ಅದಕ್ಕೂ ಇದೇ ಮಾತು.

ಹಳಬರಿಗೆ ನೆನಪಿರುತ್ತೆ, 2005ರಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಬ್ರಾಡ್‌ಬ್ಯಾಂಡ್ ಶುರುವಾದಾಗ ಬರ್ತಿದ್ದ, ಫೋನ್ ಲೈನಲ್ಲೇ ಇಂಟರ್‌ನೆಟ್ ಕೊಡೋ ಎಡಿಎಸ್‌ಎಲ್ ಮೋಡೆಮ್‌ಗಳಲ್ಲಿ ಸುಮಾರಕ್ಕೆ ಎರಡು ಪೋರ್ಟ್ ಇರ್ತಿತ್ತು, ಒಂದು ಯುಎಸ್‌ಬಿ, ಒಂದು ಲ್ಯಾನ್. ಹಾಕೋಕೆ ಬಂದೋರು ಸಿಡಿ ಹಾಕಿ ಯುಎಸ್‌ಬಿ ಸಿಕ್ಕಿಸಿ ಹೋಗೋರು, ಲಿನಕ್ಸ್‌ನವರು ಆ ಯುಎಸ್‌ಬಿ ಡ್ರೈವರ್‌ಗೋಸ್ಕರ ಒದ್ದಾಡೋರು, ಅದೇ ಪೆಟ್ಟಿಗೆಗೆ ಲ್ಯಾನ್ ವೈರ್ ಹಾಕಿದ್ರೆ ಅರ್ಧ ನಿಮಿಷದ ಕೆಲಸ. ಆಮೇಲೆ ಸಿಡಿಎಂಎ ಅನ್ನೋ ಹಳೇ ಮೊಬೈಲ್ ತಂತ್ರಜ್ಞಾನದ ಡಾಂಗಲ್ ಕಾಲ ಬಂತು, ಡಬ್ಲ್ಯೂವಿಡಯಲ್ ಅನ್ನೋ ಡಯಲ್ ಪ್ರೋಗ್ರಾಮಿಗೆ ಫೈಲ್ ಬರೆದು #777ಗೆ ಡಯಲ್ ಮಾಡೋದು, ಅದೊಂದು ವ್ರತದ ಥರ. ಈಗಿನ ಡಾಂಗಲ್‌ಗಳಲ್ಲೂ ಇವೇ ಎರಡು ಜಾತಿ, ಒಂದು ನೆಟ್‌ವರ್ಕ್ ಕಾರ್ಡ್ ಥರದ್ದು, ಎರಡನೇದು ಮೋಡೆಮ್ ಥರದ್ದು, ಹೊರಗಿಂದ ನೋಡಿದ್ರೆ ಮಾತ್ರ ಎಲ್ಲಾ ಒಂದೇ ಥರ ಪೆನ್‌ಡ್ರೈವ್.

ಈಗ ಹುವಾವೇ ಇ3372. ನಾನು ಬಳಸ್ತಿರೋದು ಇ3372ಎಚ್-607. 3372 ಆದ್ಮೇಲೆ ಇರೋ ಆ ಎಚ್ ಅಕ್ಷರ ಮುಖ್ಯ, ಎಚ್ ಅಂದ್ರೆ ಹೈಲಿಂಕ್, ಅಂದ್ರೆ ಕಡ್ಡಿ ಒಳಗೇ ಒಂದು ಪುಟ್ಟ ರೂಟರ್ ಇದೆ, ಸಿಮ್ಮಿಗೆ ಕನೆಕ್ಟ್ ಆಗೋ ಕೆಲಸ ಎಲ್ಲ ಅದೇ ಮಾಡ್ಕೊಂಡು ಲ್ಯಾಪ್‌ಟಾಪಿಗೆ ಬರೀ ಈಥರ್‌ನೆಟ್ ತೋರಿಸುತ್ತೆ. ಎಸ್ ಇದ್ರೆ ಸ್ಟಿಕ್ ಮೋಡ್, ಕನೆಕ್ಷನ್ ನಿಮ್ಮ ಕಡೆಯಿಂದ ಮಾಡ್ಬೇಕು. ಚುಚ್ಚಿದ ತಕ್ಷಣ ಮೊದ್ಲು ಡೆಸ್ಕ್‌ಟಾಪಲ್ಲಿ ಒಂದು ಸಿಡಿ ಐಕಾನ್ ಬರುತ್ತೆ, ಅದ್ರಲ್ಲಿ ವಿಂಡೋಸ್ ಸಾಫ್ಟ್‌ವೇರ್ ತುಂಬಿರ್ತಾರೆ, ಅದನ್ನ ನೋಡಿ ಅಯ್ಯೋ ಸಿಡಿ ಅಂತಿದೆಯಲ್ಲಪ್ಪ ಅಂತ ಗಾಬರಿ ಆಗ್ಬೇಡಿ. ಯುಎಸ್‌ಬಿ ಮೋಡ್‌ಸ್ವಿಚ್ ಅನ್ನೋ ಪ್ಯಾಕೇಜ್ ಇದ್ರೆ ಅದು ಹಿಂದಿನಿಂದ ಒಂದು ಸಂದೇಶ ಕಳ್ಸಿ ಡಾಂಗಲ್‌ನ ವೇಷ ಬಿಚ್ಚಿಸುತ್ತೆ, ಸಿಡಿ ಐಕಾನ್ ಮಾಯ, ಚುಚ್ಚಿರೋ ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸೋ ಎಲ್‌ಎಸ್‌ಯುಎಸ್‌ಬಿ ಕಮ್ಯಾಂಡ್ ಹೊಡೆದು ನೋಡಿದ್ರೆ 1ಎಫ್01 ಇದ್ದ ಐಡಿ 14ಡಿಸಿ ಆಗಿರುತ್ತೆ, ಲಿನಕ್ಸಲ್ಲೇ ಇರೋ ಸಿಡಿಸಿ ಈಥರ್ ಡ್ರೈವರ್ ಅದನ್ನ ನೆಟ್‌ವರ್ಕ್ ಕಾರ್ಡಾಗಿ ತಾನೇ ಎತ್ಕೊಳ್ಳುತ್ತೆ. ಬ್ರೌಸರಲ್ಲಿ 192.168.8.1 ತೆಗೆದ್ರೆ ಸಿಗ್ನಲ್ಲು, ಎಪಿಎನ್ (ಸಿಮ್ ಕಂಪನಿಯ ಇಂಟರ್‌ನೆಟ್ಟಿಗೆ ಸೇರೋಕೆ ಹಾಕೋ ಹೆಸರು), ಮೆಸೇಜ್ ಎಲ್ಲಾ ಅಲ್ಲೇ, ಓಟಿಪಿ ಕೂಡ ಅಲ್ಲೇ ಓದ್ಕೋಬಹುದು. ಏರ್‌ಟೆಲ್ ಸಿಮ್ಮಿಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ಅಷ್ಟು ಹಾಕಿ ಸೇವ್ ಮಾಡಿದ್ರೆ ಮತ್ತೆ ಆ ಪೇಜಿನ ಕಡೆ ಹೋಗೋ ಕೆಲಸ ಇಲ್ಲ.

ಇದ್ರಲ್ಲಿ ಒಂದು ತಮಾಷೆ ಇದೆ. ಲಿನಕ್ಸಲ್ಲಿ ಈ ಕಡ್ಡಿಗೆ ಬರೋ ಇಂಟರ್‌ಫೇಸ್ ಹೆಸರು ಉದ್ದಕ್ಕೆ, 279ಎ64 ಅಂತ ಕೊನೆಯಾಗೋ ಥರ ಬರುತ್ತೆ, ಇದೇ ಹೆಸರು ಸುಮಾರು ಹೈಲಿಂಕ್ ಕಡ್ಡೀಲೂ ಬರೋದು, ಯಾಕಂದ್ರೆ ಅವುಗಳಲ್ಲಿ ಒಂದೇ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರ್) ಕೂರಿಸಿ ಬಿಟ್ಟಿದ್ದಾರೆ! ಒಂದು ಕಡ್ಡಿ ಇರೋರಿಗೆ ಏನೂ ತೊಂದ್ರೆ ಇಲ್ಲ, ಎರಡು ಸಿಮ್ ಎರಡು ಕಡ್ಡಿ ಒಂದೇ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿಗೆ ಹಾಕಿ ಎರಡೂ ಲೈನಿಗೆ ಕೆಲಸ ಹಂಚ್ತೀನಿ (ಲೋಡ್ ಬ್ಯಾಲೆನ್ಸ್) ಅನ್ನೋ ಉತ್ಸಾಹಿಗಳಿಗೆ ಮ್ಯಾಕೂ ಒಂದೇ ಐಪಿನೂ ಒಂದೇ ಆಗಿ ಹಬ್ಬ.

ಇನ್ನೊಂದು ಎಚ್ಚರಿಕೆ, ಅದೇ ಇ3372 ಹೆಸರಲ್ಲಿ ಕೊನೆಗೆ 325 ಅಂತ ಇರೋದು ಈಗ ಸಿಗುತ್ತೆ, ಬ್ರೋವಿ ಅನ್ನೋ ಬ್ರ್ಯಾಂಡಲ್ಲಿ. ಅದರ ವೆಂಡರ್ ಐಡಿ, ಅಂದ್ರೆ ತಯಾರಕರ ಯುಎಸ್‌ಬಿ ನಂಬರೇ ಬೇರೆ, 3566, ಹಾಗಾಗಿ ಹಳೇ ಮೋಡ್‌ಸ್ವಿಚ್ ಪಟ್ಟಿಗೆ ಅದರ ಪರಿಚಯ ಇಲ್ಲ, ಸಿಡಿ ಆಗೇ ಕೂತ್ಬಿಡುತ್ತೆ, ಕೈಯಾರೆ ರೂಲ್ ಬರೀಬೇಕು. ಬರೆಯೋಕೆ ಬರೋರಿಗೆ ದೊಡ್ಡ ವಿಷಯ ಅಲ್ಲ, ಆದ್ರೆ ಅಪ್ಪನ ಲ್ಯಾಪ್‌ಟಾಪಿಗೆ ಹಾಕ್ಕೊಡೋಕೆ ಅಂತ ಇದ್ರೆ ಬಿಡಿ.

ಸ್ಪೀಡು: ಡಬ್ಬದ ಮೇಲೆ 150 ಎಂಬಿಪಿಎಸ್ ಅಂತ ಇರುತ್ತೆ, 4ಜಿಯ ಕ್ಯಾಟ್ 4 ದರ್ಜೆ ಅಂದ್ರೆ ಅಷ್ಟೇ. ಆ ಲೆಕ್ಕ ಮರೆತುಬಿಡಿ, ಟವರ್ ಕೊಟ್ಟಷ್ಟು. 5ಜಿ ಇಲ್ಲ.

ಲಿನಕ್ಸಿಗೆ ಹೊಂದುತ್ತೋ ಇಲ್ವೋ ಅಂತ ನಾವು ಎಷ್ಟು ತಲೆ ಕೆಡಿಸ್ಕೊಳ್ತೀವೋ ಅದರ ಅರ್ಧದಷ್ಟು ಬ್ಯಾಂಡ್, ಅಂದ್ರೆ ಟವರ್ ಯಾವ ಫ್ರೀಕ್ವೆನ್ಸೀಲಿ ಸಿಗ್ನಲ್ ಕೊಡುತ್ತೆ ಅನ್ನೋದನ್ನ ನೋಡೋದಕ್ಕೆ ಕೊಟ್ರೆ ಒಳ್ಳೇದು. 607ರಲ್ಲಿ ಬ್ಯಾಂಡ್ 1, 3, 7, 8, 28, 40 ಇದೆ, ಬ್ಯಾಂಡ್ 5 ಇಲ್ಲ. ಏರ್‌ಟೆಲ್‌ನವರಿಗೆ ಇದು ಸರಿಯಾಗಿ ಕೂರುತ್ತೆ, ಬಿಎಸ್‌ಎನ್‌ಎಲ್ 4ಜಿ 700 ಮೆಗಾಹರ್ಟ್ಸಲ್ಲಿ ಬರೋ ಕಡೆ 28 ಇರೋದು ವರ. ಆದ್ರೆ ಜಿಯೋ 850 ಮೆಗಾಹರ್ಟ್ಸ್ ಅಂದ್ರೆ ಅದೇ ಬ್ಯಾಂಡ್ 5, ಕಾಡು ಗುಡ್ಡ ದಾಟಿ ತೋಟದ ಮನೆಗೆ ಬರೋದು ಹೆಚ್ಚಾಗಿ ಅದೇ. 1800, 2300 ಎಲ್ಲ ಪೇಟೆ ಸುತ್ತಮುತ್ತ ಚೆನ್ನಾಗಿರುತ್ತೆ, ಕಣಿವೆ ಇಳಿದ್ರೆ ಸುಸ್ತಾಗುತ್ತೆ. ಹಾಗಾಗಿ ಜಿಯೋ ಸಿಮ್, ಹಳ್ಳಿ ಮನೆ ಅಂದ್ರೆ ಈ ಕಡ್ಡಿ ತಗೋಬೇಡಿ, ಲಿನಕ್ಸ್ ಎಷ್ಟೇ ಚೆನ್ನಾಗಿ ಗುರುತು ಹಿಡಿದ್ರೂ ಟವರೇ ಕಾಣದಿದ್ರೆ ಏನ್ ಬಂತು. ಮನೇಲಿ ಫೋನಿಗೆ ಯಾವ ಬ್ಯಾಂಡ್ ಬರ್ತಿದೆ ಅಂತ ತೋರಿಸೋ ಆಪ್‌ಗಳು ಇವೆ, ಮೊದ್ಲು ಅದನ್ನ ನೋಡ್ಕೊಂಡು ಅಂಗಡಿಗೆ ಹೋಗಿ.

ಡಿ-ಲಿಂಕ್ ಡಿಡಬ್ಲ್ಯೂಎಂ-222 ತಮ್ಮನ ಹತ್ರ ಇದೆ, ಉಬುಂಟುನಲ್ಲಿ ಹಾಕ್ಕೊಟ್ಟಿದ್ದು ನಾನೇ. ಇದು ಎರಡನೇ ಜಾತಿ. ಲಿನಕ್ಸಿನ ತಿರುಳಾದ ಕರ್ನಲ್ಲಲ್ಲಿ ಕ್ಯೂಎಂಐ ಅನ್ನೋ ಮೋಡೆಮ್ ಡ್ರೈವರ್ ಇದನ್ನ ಹೆಸರು ಹಿಡಿದೇ ಗುರುತಿಸುತ್ತೆ, ಮೋಡೆಮ್ ಮ್ಯಾನೇಜರ್ ಅನ್ನೋ ಪ್ಯಾಕೇಜ್ ಇದ್ರೆ ನೆಟ್‌ವರ್ಕ್ ಐಕಾನ್ ಒತ್ತಿದಾಗ ಮೊಬೈಲ್ ಬ್ರಾಡ್‌ಬ್ಯಾಂಡ್ ಅಂತ ಬರುತ್ತೆ, ದೇಶ, ಕಂಪನಿ, ಪ್ಲಾನ್ ಆರಿಸಿದ್ರೆ ಮುಗೀತು. ಇದರಲ್ಲಿ ನಂಗಿಷ್ಟ ಆಗಿದ್ದು, ಮಧ್ಯೆ ಇನ್ನೊಂದು ರೂಟರ್ ಇಲ್ಲ, ಸಿಗ್ನಲ್ ಎಷ್ಟಿದೆ, ಯಾಕೆ ಕಟ್ಟಾಯ್ತು ಅಂತ ಎಲ್ಲಾ ಟರ್ಮಿನಲ್ಲಲ್ಲೇ ಕಾಣುತ್ತೆ. ಆದ್ರೆ ಇದ್ರಲ್ಲೂ ಎ1, ಎ2 ಅಂತ ಹಾರ್ಡ್‌ವೇರ್ ವರ್ಷನ್ ಇದೆ, ಹೆಸರೊಂದೇ, ಯುಎಸ್‌ಬಿ ಐಡಿ ಬೇರೆ. ಎ2 ಕರ್ನಲ್ಲಿಗೆ ಆಮೇಲೆ ಸೇರಿದ್ದು, ಹಳೇ ಲಿನಕ್ಸ್ ಆವೃತ್ತಿ ಇಟ್ಕೊಂಡೋರು ಸ್ಟಿಕ್ಕರ್ ನೋಡಿ ತಗೊಳ್ಳಿ. ನಂಗೆ ಕೇಳಿದ್ರೆ ಕಮ್ಯಾಂಡ್ ಹೊಡೆಯೋ ಚಟ ಇರೋರಿಗೆ ಡಿ-ಲಿಂಕ್, ಚುಚ್ಚಿ ಮರೆಯೋರಿಗೆ ಹೈಲಿಂಕ್.

ಇನ್ನು ಬಿಳಿ ಕಡ್ಡಿ. ಬ್ರ್ಯಾಂಡೇ ಇರಲ್ಲ, 4ಜಿ ಎಲ್‌ಟಿಇ ವೈಫೈ ಅಂತ ಮಾತ್ರ ಅಚ್ಚಾಗಿರುತ್ತೆ, ಸಾವಿರ ಚಿಲ್ಲರೆಗೆ ಆನ್‌ಲೈನಲ್ಲಿ ಎಲ್ಲಾ ಕಡೆ. ಇದೂ ನೆಟ್‌ವರ್ಕ್ ಕಾರ್ಡಾಗೇ ಕಾಣೋದು, ಹಾಗಾಗಿ ಲಿನಕ್ಸಲ್ಲಿ ನಡೆಯುತ್ತೆ. ಮಜಾ ಏನಪ್ಪಾ ಅಂದ್ರೆ ಇಂಥ ಕೆಲವು ಕಡ್ಡಿ ಒಳಗೆ ಸ್ನಾಪ್‌ಡ್ರಾಗನ್ 410 ಚಿಪ್ ಇರುತ್ತೆ, ಅಂದ್ರೆ ಸ್ಕ್ರೀನ್ ಇಲ್ಲದ ಒಂದು ಆಂಡ್ರಾಯ್ಡ್ ಫೋನೇ ಅದು, 512 ಎಂಬಿ ರ‍್ಯಾಮು, 4 ಜಿಬಿ ಸ್ಟೋರೇಜು. ಅದನ್ನ ಅಳಿಸಿ ಡೆಬಿಯನ್ ಹಾಕೋರು ಇದ್ದಾರೆ, ಫೋನುಗಳಿಗೆ ಅಂತ ಮಾಡಿದ ಲಿನಕ್ಸ್ ಆದ ಪೋಸ್ಟ್‌ಮಾರ್ಕೆಟ್‌ಓಎಸ್‌ನೂ ನಡೆಯುತ್ತೆ. ಆದ್ರೆ ಅದೇ ಪ್ಲಾಸ್ಟಿಕ್ ಒಳಗೆ ಬೇರೆ ಚಿಪ್ ಹಾಕಿನೂ ಮಾರ್ತಾರೆ, ಬಿಚ್ಚೋವರೆಗೂ ಗೊತ್ತಾಗಲ್ಲ. ನಂಗೆ ಬಂದಿದ್ದು ಮೀಟಿಂಗ್ ಅರ್ಧಕ್ಕೆ ಬರೋಷ್ಟರಲ್ಲಿ ಕೈಲಿ ಹಿಡಿಯೋಕೆ ಆಗದಷ್ಟು ಕಾಯ್ತಿತ್ತು, ಆಮೇಲೆ ತಾನೇ ರೀಸ್ಟಾರ್ಟ್. ಆಟಕ್ಕೆ ತಗೊಳ್ಳಿ, ಸಂಬಳದ ಕೆಲಸಕ್ಕೆ ಬೇಡ.

ಅಂಗಡಿ ವಿಷಯ. ಬೆಂಗಳೂರಿಗೆ ಹೋದಾಗ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಲ್ಲಿ ಕೇಳಿದ್ರೆ ಸಾಮಾನ್ಯ ಬರೋ ಉತ್ತರ "ಲಿನಕ್ಸ್‌ಗೆಲ್ಲ ಗ್ಯಾರಂಟಿ ಇಲ್ಲ ಸಾರ್, ವಾಪಸ್ ತಗೊಳ್ಳಲ್ಲ". ವಾದ ಮಾಡ್ಬೇಡಿ. ಲ್ಯಾಪ್‌ಟಾಪ್ ಜೊತೆಗೇ ಒಯ್ದು "ಅಣ್ಣ ಒಂದ್ನಿಮಿಷ ಚುಚ್ಚಿ ನೋಡ್ಲಾ, ಆಮೇಲೆ ದುಡ್ಡು ಕೊಡ್ತೀನಿ" ಅಂದ್ರೆ ಸುಮಾರು ಜನ ಬೇಡ ಅನ್ನಲ್ಲ. ಎಲ್‌ಎಸ್‌ಯುಎಸ್‌ಬಿಲಿ ಐಡಿ ಬದಲಾಯ್ತಾ, ಹೊಸ ಇಂಟರ್‌ಫೇಸ್ ಬಂತಾ, ನಿಮ್ಮ ಸಿಮ್ ಹಾಕಿದ್ರೆ ಪೇಜ್ ಓಪನ್ ಆಯ್ತಾ, ಅಷ್ಟು ನೋಡಿ. ಮುಖ್ಯವಾಗಿ ಸಿಮ್ ಲಾಕ್ ಇದೆಯಾ ನೋಡಿ, ಸೆಕೆಂಡ್‌ಹ್ಯಾಂಡ್ ಕಡ್ಡಿಗಳು ಎಷ್ಟೋ ಸಲ ಒಂದೇ ಕಂಪನಿ ಸಿಮ್ಮಿಗೆ ಲಾಕ್ ಆಗಿರುತ್ತೆ.

ಡಾಂಗಲ್ ಜೊತೆಗೆ ಒಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರೂ ತಗೊಳ್ಳಿ, ಲ್ಯಾಪ್‌ಟಾಪ್ ಪಕ್ಕ ಚುಚ್ಚೋದಕ್ಕೂ ಕಿಟಕಿ ಸರಳಿಗೆ ಕಟ್ಟೋದಕ್ಕೂ ಸಿಗ್ನಲ್ಲಲ್ಲಿ ತುಂಬಾ ವ್ಯತ್ಯಾಸ ಇದೆ, 5 ಮೀಟರ್ ದಾಟಿಸ್ಬೇಡಿ ಅಷ್ಟೇ. ಪೈಗೆ ಹಾಕೋರು ಸ್ವಂತ ಅಡಾಪ್ಟರ್ ಇರೋ ಹಬ್ ಇಡಿ, ಟವರ್ ದೂರ ಇದ್ದಷ್ಟೂ ಕಡ್ಡಿ ಜಾಸ್ತಿ ಕರೆಂಟ್ ಎಳೆಯುತ್ತೆ, ಪೈ ಹಳೇದಾಗಿದ್ರೆ ಮಧ್ಯರಾತ್ರಿ ಕಡ್ಡಿ ಕಾಣೆಯಾಗಿರುತ್ತೆ.

ಇನ್ನು ಜಿಯೋ 850 ಬಿಟ್ರೆ ಬೇರೇನೂ ಬರಲ್ಲ ಅನ್ನೋ ಮನೆಯೋರು ಡಾಂಗಲ್ ಹುಡುಕೋದು ಬಿಟ್ಟು ಕಪಾಟಲ್ಲಿ ಬಿದ್ದಿರೋ ಹಳೇ ಆಂಡ್ರಾಯ್ಡ್ ಫೋನ್ ತೆಗೀರಿ, ಸಿಮ್ ಹಾಕಿ ಯುಎಸ್‌ಬಿ ಟೆದರಿಂಗ್ (ವೈರಲ್ಲೇ ಫೋನಿನ ನೆಟ್ ಹಂಚೋದು) ಆನ್ ಮಾಡಿ, ಅದೂ ಲಿನಕ್ಸಿಗೆ ನೆಟ್‌ವರ್ಕ್ ಕಾರ್ಡಾಗೇ ಕಾಣೋದು, ಒಂದು ಪ್ಯಾಕೇಜೂ ಹಾಕೋದು ಬೇಡ, 4ಜಿ ಫೋನಾದ್ರೆ ಬ್ಯಾಂಡ್ 5 ಸಾಮಾನ್ಯವಾಗಿ ಅದ್ರಲ್ಲಿ ಇರುತ್ತೆ. ಬ್ಯಾಟರಿ ಉಬ್ಬಿದ್ಯಾ ಅಂತ ಮಾತ್ರ ಹಿಂದಿನ ಮುಚ್ಚಳ ಒಂದ್ಸಲ ಒತ್ತಿ ನೋಡಿ.