ಐದು ಸೆಂಟಿನ ಕಾಫಿ, ಪುಕ್ಕಟೆ ನೀರು: ವಾಲ್ ಡ್ರಗ್ ಅಂಗಡಿಗೆ ಹೋಗಿ ಬಂದ ಮಂಡ್ಯದ ಹೋಟೆಲಿನವನ ಮಾತು

ಮೊದಲೇ ಹೇಳಿಬಿಡ್ತೀನಿ, ನಾನು ಊರೂರು ಸುತ್ತೋನಲ್ಲ. ಮಂಡ್ಯ–ಮದ್ದೂರು ಮಧ್ಯೆ ಹಳೇ ರಸ್ತೆ ಪಕ್ಕ ಇಪ್ಪತ್ತಾರು ವರ್ಷದಿಂದ ಕಾಫಿ-ತಿಂಡಿ ಹೋಟೆಲ್ ನಡೆಸೋನು. ಹಾಗಾಗಿ ಈ ರಿವ್ಯೂ ಅರ್ಧ ಗಿರಾಕಿ ಕಣ್ಣಿಂದ, ಇನ್ನರ್ಧ ಗಲ್ಲಾಪೆಟ್ಟಿಗೆ ಹಿಂದಿನ ಕಣ್ಣಿಂದ.

ಮಗಳು, ಅಳಿಯ ಮಿನಿಯಾಪೊಲಿಸ್‌ನಲ್ಲಿದ್ದಾರೆ. ಜುಲೈನಲ್ಲಿ ಮೌಂಟ್ ರಶ್‌ಮೋರ್, ಅಂದ್ರೆ ಅಮೆರಿಕದ ನಾಲ್ಕು ಅಧ್ಯಕ್ಷರ ಮುಖ ಕೆತ್ತಿರೋ ಬೆಟ್ಟ, ತೋರಿಸ್ತೀವಿ ಅಂತ ನಮ್ಮಿಬ್ಬರನ್ನೂ ಮೊಮ್ಮಗನನ್ನೂ ವ್ಯಾನಿಗೆ ಹತ್ತಿಸಿಕೊಂಡು ಹೊರಟರು. ಸೌತ್ ಡಕೋಟ ರಾಜ್ಯದಲ್ಲಿ ಐ-90 ಹೆದ್ದಾರಿ ಹಿಡಿದ್ರೆ ಎರಡೂ ಕಡೆ ಮುಸುಕಿನ ಜೋಳ, ಸೋಯಾ, ಆಮೇಲಾಮೇಲೆ ಬರೀ ಹುಲ್ಲು. ಗಂಟೆಗೆ 80 ಮೈಲಿ ಓಡಿಸಬಹುದು, ಅಂದ್ರೆ ಹೆಚ್ಚುಕಮ್ಮಿ 130 ಕಿಲೋಮೀಟರ್. ಕಬ್ಬಿನ ಟ್ರಾಕ್ಟರ್ ಇಲ್ಲ, ಎಮ್ಮೆ ಇಲ್ಲ, ಹಾರ್ನೂ ಇಲ್ಲ. ನನಗೆ ನಿದ್ದೆ ಹತ್ತಿತು.

ದಾರೀಲಿ ಮಿಚೆಲ್ ಅನ್ನೋ ಊರಲ್ಲಿ ಕಾರ್ನ್ ಪ್ಯಾಲೇಸ್ ನೋಡಿದ್ವಿ. ಬಣ್ಣಬಣ್ಣದ ಜೋಳದ ತೆನೆಗಳನ್ನೇ ಗೋಡೆಗೆ ಹೊಡೆದು ಚಿತ್ರ ಮಾಡಿದ್ದಾರೆ. 1892ರಲ್ಲಿ ಶುರುವಾದದ್ದು, ಈಗಿರೋ ಕಟ್ಟಡ 1921ರದು. ನಮ್ಮ ಮನೆಯವಳು "ಇಷ್ಟೊಂದ್ ಜೋಳನ ಗೋಡೆಗೆ ಹೊಡೆದವ್ರಲ್ಲ, ದನಕ್ಕಾದ್ರೂ ಹಾಕ್ಬಾರ್ದಾ" ಅಂದ್ಲು. ಅಲ್ಲಿಗೆ ಹತ್ತು ನಿಮಿಷ ಸಾಕು. ಒಂದು ಪೆಟ್ರೋಲ್ ಬಂಕಲ್ಲಿ ಟಾಯ್ಲೆಟ್‌ಗೆ ಬೀಗ, ಕೀ ಕೇಳಿದ್ರೆ ಏನಾದ್ರೂ ತಗೊಳ್ಳಿ ಅಂದ್ರು. ಬೇಡದ ಚಿಪ್ಸ್ ಪ್ಯಾಕೆಟ್ ಕೊಂಡು ಕೀ ಈಸ್ಕೊಂಡೆ. ಇದನ್ನ ನೆನಪಿಟ್ಕೊಳ್ಳಿ.

ಅಷ್ಟೊತ್ತಿಗೆ ಬೋರ್ಡುಗಳು ಶುರುವಾಗಿದ್ವು. ಹುಲ್ಲುಗಾವಲಲ್ಲಿ ಮರದ ಹಲಗೆ, ಅದರ ಮೇಲೆ ವಾಲ್ ಡ್ರಗ್. ಕಾಫಿ 5 ಸೆಂಟ್. ಐಸ್ ನೀರು ಪುಕ್ಕಟೆ. ಎರಡು ಮೈಲಿ ಹೋದ್ರೆ ಇನ್ನೊಂದು. ಮೊಮ್ಮಗ ಎಣಿಸ್ತಾ ಎಣಿಸ್ತಾ ನಲವತ್ತಕ್ಕೆ ಕೈಬಿಟ್ಟ. "ಡ್ರಗ್ ಅಂದ್ರೇನಪ್ಪ, ಪೊಲೀಸ್ನೋರು ಸುಮ್ನಿರ್ತಾರಾ?" ಅಂತ ನಾನು ಕೇಳಿದ್ದಕ್ಕೆ ಅಳಿಯ ನಕ್ಕು, "ಮಾವ, ಅದು ಮೆಡಿಕಲ್ ಸ್ಟೋರು" ಅಂದ್ರು.

1931ರಲ್ಲಿ, ಅಂದ್ರೆ ನಮ್ಮ ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ಹುಟ್ಟೋಕೆ ಎರಡು ವರ್ಷ ಮುಂಚೆ, ಟೆಡ್ ಹಸ್ಟೆಡ್ ಅನ್ನೋನು ವಾಲ್ ಅನ್ನೋ ಈ ಸಣ್ಣ ಊರಲ್ಲಿ ಔಷಧಿ ಅಂಗಡಿ ಕೊಂಡ. ಐದು ವರ್ಷ ನೋಡೋಣ ಅಂತ ಗಂಡ-ಹೆಂಡತಿ ಮಾತಾಡ್ಕೊಂಡಿದ್ರಂತೆ. ಐದು ವರ್ಷವೂ ನೊಣ ಹೊಡೆದದ್ದೇ. 1936ರ ಬೇಸಿಗೇಲಿ ಹೆಂಡತಿ ಡೊರೊಥಿ ಮಧ್ಯಾಹ್ನ ಮಲಗೋಕೆ ಹೋದ್ರೆ ಹೆದ್ದಾರಿಯ ಕಾರಿನ ಸದ್ದಿಗೆ ನಿದ್ದೆ ಬರ್ಲಿಲ್ಲ. ಈ ಬಿಸಿಲಲ್ಲಿ ಬರೋರಿಗೆ ಬೇಕಾಗಿರೋದು ತಣ್ಣನೆ ನೀರು ಅಂತ ಹೊಳೀತು. ಟೆಡ್ ಒಬ್ಬ ಹುಡುಗನನ್ನ ಕರ್ಕೊಂಡು ಹೋಗಿ ರಸ್ತೆ ಪಕ್ಕ ಬೋರ್ಡ್ ನೆಟ್ಟು ವಾಪಸ್ ಬರೋಷ್ಟರಲ್ಲಿ ಅಂಗಡೀಲಿ ಜನ ನೀರು ಕುಡೀತಾ ನಿಂತಿದ್ರು. ಐಡಿಯಾ ಹೆಂಡತೀದು, ಹೆಸರು ಗಂಡಂದು. ನಮ್ಮ ಮನೆಯವಳು ಕೇಳಿಸ್ಕೊಂಡು ನನ್ನ ಮುಖ ನೋಡಿದ್ಲು.

ಈಗ ಅದು ಅಂಗಡಿ ಅಲ್ಲ, ಒಂದು ಸಂತೆ. ಬೂಟು, ಟೋಪಿ, ಪುಸ್ತಕ, ಕಲ್ಲು, ಬೊಂಬೆ, ಊಟದ ಹಾಲ್, ಹಿತ್ತಲಲ್ಲಿ ಗರ್ಜಿಸೋ ಡೈನೋಸಾರ್. ಮೆಡಿಕಲ್ ಸ್ಟೋರೂ ಒಳಗೆಲ್ಲೋ ಇದೆ. ನನಗೆ ಬೇಕಾದ ಸಾಮಾನು ಒಂದೂ ಇರ್ಲಿಲ್ಲ, ಆದ್ರೂ ಒಂದೂವರೆ ಗಂಟೆ ಹೋದದ್ದು ಗೊತ್ತಾಗ್ಲಿಲ್ಲ. ಡೋನಟ್ ಮೆತ್ತಗೆ ಚೆನ್ನಾಗಿತ್ತು. ಮೊಟ್ಟೆ ಇರುತ್ತೆ ಅಂತ ನಮ್ಮ ಮನೆಯವಳು ಮುಟ್ಲಿಲ್ಲ, ಡಬ್ಬಿ ತೆಗೆದು ಚಪಾತಿ-ಚಟ್ನಿಪುಡಿ ತಿಂದ್ಲು. ಯಾರೂ ಎದ್ದೇಳಿ ಅನ್ನಲಿಲ್ಲ.

ನನ್ನನ್ನ ಹಿಡಿದು ನಿಲ್ಲಿಸಿದ್ದು ಕಾಫಿ. ನಾವೇ ಬಗ್ಗಿಸ್ಕೋಬೇಕು, ಪಕ್ಕದ ಡಬ್ಬೀಲಿ ಐದು ಸೆಂಟ್ ಹಾಕ್ಬೇಕು. ನಮ್ಮ ಲೆಕ್ಕದಲ್ಲಿ ಐದು ರೂಪಾಯೀನೂ ಆಗಲ್ಲ. ಡಿಕಾಕ್ಷನ್ ಕುಡಿದ ನಾಲಿಗೆಗೆ ಅದು ತೆಳು, ಆದ್ರೆ ಆ ದೇಶದ ಕಾಫಿನೇ ಹಂಗೆ. ಡಬ್ಬಿ ಹತ್ರ ಕಾಯೋರು ಯಾರೂ ಇಲ್ಲ. ನಾನು ಲೋಟ ಹಿಡ್ಕೊಂಡು ಅಲ್ಲೇ ನಿಂತೆ. ಅಗಲ ಟೋಪಿಯ ಮುದುಕರೊಬ್ಬರು ಜೇಬು ತಡಕಿದ್ರು, ಚಿಲ್ಲರೆ ಸಿಗ್ಲಿಲ್ಲ, ಒಂದು ಡಾಲರ್ ನೋಟನ್ನ ನಾಲ್ಕು ಮಡಿಕೆ ಮಾಡಿ ತೂರಿಸಿ ಹೋದ್ರು. ಕಾಫಿ ಇವರಿಗೆ ಲಾಭದ ಬಾಬ್ತಲ್ಲ, ಬಾಗಿಲು. ಒಳಗೆ ಬಂದೋನು ಟೋಪಿ ಕೊಳ್ತಾನೆ, ಮೊಮ್ಮಗನಿಗೆ ಬೊಂಬೆ ಕೊಳ್ತಾನೆ. ನಾನೂ ಕೊಂಡೆ.

"ಅಂಗಡಿ ಬುಟ್ಟು ಇಷ್ಟ್ ದೂರ ಬಂದ್ರೂವೆ ಅಂಗಡೀನೇ ನೋಡ್ತೀರಲ್ಲ" ಅಂತ ಇವಳು ರೇಗಿದ್ಲು. ಏನ್ ಮಾಡ್ಲಿ. 2023ರಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಶುರುವಾದ ಮೇಲೆ ಬೆಂಗಳೂರಿನ ಕಾರು ನಮ್ಮೂರೊಳಗೆ ಬರೋದೇ ನಿಂತಿದೆ. ದಿನಕ್ಕೆ ಮೂರು ಕ್ಯಾನ್ ಹಾಲು ಕಾಯಿಸ್ತಿದ್ದೋನು ಒಂದಕ್ಕೆ ಇಳಿದಿದ್ದೀನಿ. 1917ರಲ್ಲಿ ಮದ್ದೂರು ರೈಲ್ವೆ ಸ್ಟೇಷನ್‌ನಲ್ಲಿ ಹುಟ್ಟಿದ ವಡೆಗೆ ರೈಲು ಅಲ್ಲೇ ಬಂದು ನಿಲ್ತಿತ್ತು, ಕಾರು ಹಂಗಲ್ಲ. ವಾಲ್ ಊರನ್ನೂ ಹೆದ್ದಾರಿ ಪಕ್ಕಕ್ಕೇ ಬಿಟ್ಟು ಹೋಗಿದೆ. ಅವರು ರಸ್ತೆ ಹತ್ರ 80 ಅಡಿಯ ಡೈನೋಸಾರ್ ನಿಲ್ಲಿಸಿ ಜನರನ್ನ ಇಳಿಸ್ಕೊಳ್ತಾರೆ.

ಮೌಂಟ್ ರಶ್‌ಮೋರ್ ಚೆನ್ನಾಗಿದೆ. ನಾಲ್ಕು ಮುಖ, ಒಂದೊಂದೂ 60 ಅಡಿ. ಅಷ್ಟೆ.

ಹೋಗೋರಿಗೆ ಒಂದು ಮಾತು: ಬೆಳಿಗ್ಗೆ ಬೇಗ ಹೋಗಿ, ಜುಲೈ ಮಧ್ಯಾಹ್ನದ ಬಿಸಿಲು ನಮ್ಮ ಏಪ್ರಿಲ್ ಥರಾನೇ ಇತ್ತು. ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡ್ತೀನಿ. ಫಿಲ್ಟರ್ ಕಾಫಿ ಇದ್ದಿದ್ರೆ ಇನ್ನರ್ಧವೂ ಸಿಗ್ತಿತ್ತು.

ಊರಿಗೆ ಬಂದ ವಾರಕ್ಕೆ, ಸರ್ವಿಸ್ ರಸ್ತೆ ಪಕ್ಕ ಪರಿಚಯದವರೊಬ್ಬರ ಕಬ್ಬಿನ ಗದ್ದೆ ಬದುವಲ್ಲಿ ಎರಡು ಬೋರ್ಡ್ ನೆಡಿಸಿದೆ. 'ಮಡಕೆ ನೀರು ಪುಕ್ಕಟೆ, ಬೆಲ್ಲದ ಕಾಫಿ 10 ರೂಪಾಯಿ.' ಮೊದಲ ಭಾನುವಾರ ಮೂರು ಕಾರು ಬಂದ್ವು. ಒಬ್ಬರು ಕಾಫಿ ಕುಡಿದ್ರು, ಒಬ್ಬರು ಬಾಟ್ಲಿ ತುಂಬಿಸ್ಕೊಂಡು ಹೋದ್ರು. ಮೂರನೇ ಕಾರಿನ ಹೆಂಗಸರು ಇಳಿದ ತಕ್ಷಣ ಟಾಯ್ಲೆಟ್ ಎಲ್ಲಿ ಅಂದ್ರು. ಬೀಗ ಹಾಕದೇ ಇದ್ದದ್ದು ಒಳ್ಳೇದಾಯ್ತು. ಮೂರನೇ ಬೋರ್ಡಿಗೆ ಏನು ಬರೆಸಬೇಕು ಅನ್ನೋದು ಅಲ್ಲಿಗೆ ಗೊತ್ತಾಯ್ತು.